ಹಸೆ ಹಾಡಿನ ಸ್ಪೂಲು

“ಹೆಗಡೇರೇ, ಇದು ಟೇಪಾ, ಹಪ್ಪಳವಾ? ಇಷ್ಟು ವರ್ಷ ಎಲ್ಲಿಟ್ಟಿದ್ರಿ ಮಾರಾಯ್ರೆ?”

ಜಟ್ಟಪ್ಪ ಸ್ಪೂಲನ್ನು ಮೂಗಿನ ಹತ್ತಿರ ಹಿಡಿದು ಕೇಳಿದ. ಶಿರಸಿಯಲ್ಲಿ ಮೂವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಸುಟ್ಟ ವಯರಿನ ವಾಸನೆ ಅವನಿಗೆ ಹೊಸದಲ್ಲ, ಆದರೆ ಹೊಗೆ ಹಿಡಿದ ಟೇಪನ್ನು ಮೂಸಿದ್ದು ಇದೇ ಮೊದಲು.

ಮಾದೇವ ಹೆಗಡೆ ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ರಾಜೀವಿ ಅಡುಗೆಮನೆಯತ್ತ ಕೈ ತೋರಿಸಿ, ಆಮೇಲೆ ಮೇಲಕ್ಕೆ ತೋರಿಸಿದಳು. ಒಲೆಯ ಮೇಲಿನ ಅಟ್ಟ. ಮಳೆಗಾಲದ ಬೂಷ್ಟಿಗೆ ಹೆದರಿ ಬಿತ್ತನೆ ಬೀಜ, ಹಪ್ಪಳ, ವಾಟೆಹುಳಿ ಎಲ್ಲವನ್ನೂ ಏರಿಸಿಡುವ ಜಾಗ. ಇಪ್ಪತ್ತೇಳು ವರ್ಷ ಅವಳು ಸ್ಪೂಲನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲೇ ಕಾಪಾಡಿದ್ದಳು. ಪ್ರತಿ ಬೇಸಿಗೆ ಕೆಳಗಿಳಿಸಿ, ಹಪ್ಪಳದ ಜೊತೆ ಒಂದು ದಿನ ಬಿಸಿಲಿಗೆ ಹಾಕಿ, ಮತ್ತೆ ಏರಿಸುತ್ತಿದ್ದಳು. ಹಾಗೆ ಇಟ್ಟ ಯಾವ ಪದಾರ್ಥವೂ ಆ ಮನೆಯಲ್ಲಿ ಕೆಟ್ಟದ್ದಿಲ್ಲ.

“ಆನೇ ಇಟ್ಟಿದ್ದು,” ಎಂದಳು. ಎಂದಳು ಅನ್ನುವುದೂ ಹೆಚ್ಚೇ, ಬರೀ ಗಾಳಿ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಅಷ್ಟೇ.

ಸ್ಪೂಲಿನಲ್ಲಿದ್ದದ್ದು ಅವಳ ದನಿ. ಎಪ್ಪತ್ತೊಂದರಲ್ಲಿ ಕಾನಸೂರಿನ ಒಂದು ಮದುವೆಮನೆಯಲ್ಲಿ, ಊರೂರು ತಿರುಗಿ ಹಾಡು ಕೂಡಿಹಾಕುತ್ತಿದ್ದ ಮೇಷ್ಟ್ರೊಬ್ಬರು ಹತ್ತೊಂಬತ್ತರ ರಾಜೀವಿಯ ಹಸೆ ಹಾಡನ್ನು ಹಿಡಿದು, ನಿನ್ನದು ನಿನ್ನಲ್ಲೇ ಇರಲಿ ತಂಗಿ ಎಂದು ಸ್ಪೂಲನ್ನೇ ಕೊಟ್ಟುಬಿಟ್ಟಿದ್ದರು. ಕೇಳಲು ಮನೆಯಲ್ಲಿ ಯಂತ್ರವಿರಲಿಲ್ಲ. ಬೇಕೂ ಇರಲಿಲ್ಲ, ದನಿಯೇ ಮನೆತುಂಬ ಇತ್ತಲ್ಲ!

ಆಪರೇಷನ್ ಆಗಿ ಬಂದ ವಾರವೇ ಮಾದೇವ ಹುಡುಕಾಟ ಶುರುಮಾಡಿದ. ಅವನು ಬಸ್ ಕಂಡಕ್ಟರ್. ಯಾರ ಮನೆಯ ಮೂಲೆಯಲ್ಲಿ ಏನು ಧೂಳು ಹಿಡಿದು ಕೂತಿದೆ ಎನ್ನುವುದು ಟಿಕೆಟ್ ಹರಿಯುತ್ತಲೇ ತಿಳಿಯುತ್ತಿತ್ತು. ಯಲ್ಲಾಪುರದ ಮುಚ್ಚಿದ ಟೂರಿಂಗ್ ಟಾಕೀಸಿನಿಂದ ವಾಲ್ವಿನ ಆಂಪ್ಲಿಫೈಯರ್ ಬಂತು. ಸಿದ್ದಾಪುರದ ಹಳೇ ಡಾಕ್ಟರರ ಮನೆಯಿಂದ ಜರ್ಮನಿಯ ಸ್ಪೂಲ್ ಪ್ಲೇಯರ್. ಬನವಾಸಿಯ ಸಂಗಯ್ಯನವರು, “ಒಯ್ರಿ ಒಯ್ರಿ, ಇಲಿ ಸಂಸಾರ ಹೂಡ್ಯಾವ ಅದರಾಗ,” ಎಂದು ಸೊಂಟದೆತ್ತರದ ಎರಡು ಇಂಗ್ಲೆಂಡ್ ಸ್ಪೀಕರ್ ಕೊಟ್ಟರು. ಅವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತನಗೆ ತಾನೇ ಲಗೇಜ್ ಟಿಕೆಟ್ ಹರಿದುಕೊಂಡಾಗ ಡ್ರೈವರ್ ಬೈರ, “ನಿಮ್ಮ ನೆಂಟ್ರು ಎಲ್ಲಿ ಇಳೀತಾರೆ ಹೆಗಡೇರೇ?” ಎಂದು ಕೆಣಕಿದ್ದ. ಜಟ್ಟಪ್ಪ ಭಾನುವಾರ ಭಾನುವಾರ ಬಂದು ಕೆಪಾಸಿಟರ್ ಬದಲಿಸಿದ, ಇಲಿ ಕಡಿದ ಸ್ಪೀಕರ್ ಕೋನಿಗೆ ಕಾಗದ ಅಂಟಿಸಿದ. ಇವತ್ತು ಬೆಳಿಗ್ಗೆ ಡಾಕ್ಟರರ ಸಿತಾರ್ ಟೇಪು ಹಾಕಿ ನೋಡಿದರೆ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿತು. ಮಾದೇವನಿಗೆ ಕಣ್ಣು ತುಂಬಿ ಬಂದಿತ್ತು.

ಈಗ ಜಟ್ಟಪ್ಪ ತಲೆ ಅಲ್ಲಾಡಿಸುತ್ತಿದ್ದ. “ಸುತ್ತಿಗೆ ಸುತ್ತು ಅಂಟಿದೆ. ಬಿಚ್ಚಿದ್ರೆ ಮೇಲಿನ ಪುಡಿ ಕಿತ್ತು ಬರ್ತದೆ. ಹಾಡು ಇರೋದೇ ಆ ಪುಡೀಲಿ. ಒಂದ್ಸಲ ಓಡಿದ್ರೆ ಓಡ್ತು.”

“ಕ್ಯಾಸೆಟ್ಟಿಗೆ ಹಿಡಿದ್ರೆ?”

“ಹಿಡಿಯೋಣ. ಬಂದಷ್ಟು ತಾನೇ ಹಿಡಿಯೋದು?”

ಮಾದೇವ ಹೆಂಡತಿಯ ಮುಖ ನೋಡಿದ. “ಹಾಂಗೇ ಇಟ್ಬುಡನ ರಾಜೀವಿ?”

“ಹಾಕಿ,” ಎಂದಳು.

ಸ್ಪೂಲು ತಿರುಗಿತು. ಮದುವೆಮನೆಯ ಪಾತ್ರೆ ಸದ್ದು, ಎಲ್ಲೋ ಮಗುವಿನ ಅಳು, ಬಳೆ. ಆಮೇಲೆ ಹತ್ತೊಂಬತ್ತರ ಹುಡುಗಿ ಉಸಿರೆಳೆದುಕೊಂಡಳು, ಇದೇ ಕೋಣೆಯಲ್ಲಿ, ಎರಡು ಸ್ಪೀಕರುಗಳ ನಡುವೆ ನಿಂತ ಹಾಗೆ. ರಾಜೀವಿಯ ಕೈ ತಾನಾಗಿ ಗಂಟಲಿಗೆ ಹೋಯಿತು. ಹಾಡು ಎದ್ದಿತು. ಒಂದು ಸಾಲು. ಇನ್ನರ್ಧ.

ಅಷ್ಟೇ. ಬರೆದದ್ದರ ಮೇಲೆ ಯಾರೋ ಒದ್ದೆ ಬಟ್ಟೆ ಎಳೆದಂತೆ ದನಿ ಅಳಿಸಿಹೋಯಿತು. ಪ್ಲೇಯರಿನ ಮೇಲೆ ಕಂದು ಪುಡಿ ಉದುರತೊಡಗಿತು. ಒಂದು ಪದ ತೇಲಿ ಬಂದು ಮುಳುಗಿತು. ಎರಡು ವರ್ಷ ಕೂತು ಜೋಡಿಸಿದ ಆ ಒಳ್ಳೆಯ ಯಂತ್ರಗಳು ಏನನ್ನೂ ಮುಚ್ಚಿಡಲಿಲ್ಲ. ಟೇಪು ಚರ್ಮ ಸುಲಿದುಕೊಳ್ಳುವ ಸದ್ದನ್ನೂ ಅಷ್ಟೇ ನಿಚ್ಚಳವಾಗಿ ಕೇಳಿಸಿದವು.

“ನಿಲ್ಸು ಜಟ್ಟಪ್ಪ, ನಿಲ್ಸು!”

“ನಿಲ್ಸಿದ್ರೂ ಅಷ್ಟೇ ಹೆಗಡೇರೇ. ಮುಂದಾದ್ರೂ ಏನಾದ್ರೂ...”

“ನಿಲ್ಸಡಿ, ಓಡ್ಲಿ,” ಎಂದಳು ರಾಜೀವಿ.

ಮಾದೇವ ದನಿ ಏರಿಸುವ ಗುಂಡಿಯನ್ನು ತಿರುಗಿಸಿದ. ಸೂಂಯ್ ಎನ್ನುವುದೇ ಜೋರಾಯಿತು. ಮತ್ತೆ ಇಳಿಸಿದ. ಮೂರು ತಾಲೂಕು ಜಾಲಾಡಿದ ಕೈಗಳಿಗೆ ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಹನ್ನೊಂದು ನಿಮಿಷ ಮೂವರೂ ಆ ಸೂಂಯ್ ಅನ್ನು ಕೇಳುತ್ತ ಕೂತರು.

ಟೇಪು ಮುಗಿದ ಮೇಲೆ ಜಟ್ಟಪ್ಪ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಪ್ಲೇಯರಿನ ಹೆಡ್ ಒರೆಸಿದ. ಹತ್ತಿ ಕಾವಿ ಬಣ್ಣಕ್ಕೆ ತಿರುಗಿತು.

“ಒಂದೂವರೆ ಸಾಲು ಕ್ಯಾಸೆಟ್ಟಲ್ಲಿ ಬಂದದೆ ಅಕ್ಕ,” ಎಂದ, ತಪ್ಪು ತನ್ನದೇ ಎನ್ನುವ ಹಾಗೆ.

ರಾಜೀವಿ ಗಂಡನತ್ತ ತಿರುಗಿದಳು. “ಬಿಸಿಲಿಗೆ ಹಾಕ್ದೇ ಇದ್ದಿದ್ರೆ ಆಗಿತ್ತು, ಅಲ್ದಾ?”

“ಹಾಕ್ದೇ ಇದ್ದಿದ್ರೆ ಬೂಷ್ಟು ಹಿಡೀತಿತ್ತು,” ಎಂದ ಮಾದೇವ. ಅದು ಸಮಾಧಾನವೋ ಲೆಕ್ಕವೋ ಅವನಿಗೇ ತಿಳಿಯಲಿಲ್ಲ.

ಜಟ್ಟಪ್ಪ ಹತ್ತಿಯನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿದ. ರಾಜೀವಿ ಅಂಗೈ ಚಾಚಿದಳು. ಅವನು ಕ್ಷಣ ಅನುಮಾನಿಸಿ ಅದರ ಮೇಲಿಟ್ಟ. ಸ್ಪಿರಿಟ್ಟು ಆರುವವರೆಗೂ ಅವಳು ಅಂಗೈಯನ್ನು ಹಾಗೇ ತೆರೆದುಕೊಂಡು ನಿಂತಿದ್ದಳು.