ಗೌರಮ್ಮ ಎಲ್ಲಿಗೆ ಹೊರಟಿದ್ದಳು?

ಅಜ್ಜಂಪುರದ ಮಠಕ್ಕೆ ಕಡೂರಿನ ಭಕ್ತರೊಬ್ಬರು ಆಳೆತ್ತರದ ಚಿತ್ರಪಟ ಬರೆಸಿಕೊಟ್ಟಿದ್ದರು. ದಾರಿಯ ಪಕ್ಕದ ಆಲದ ಮರದಡಿ ಶಿವನ ಸಂಸಾರ ದಣಿವಾರಿಸಿಕೊಳ್ಳುತ್ತಿತ್ತು. ಗೌರಮ್ಮ ಕಾಲು ಚಾಚಿ ಕೂತಿದ್ದಳು, ಪಕ್ಕದಲ್ಲಿ ಶಿವನಿದ್ದ, ಷಣ್ಮುಖ ನಿದ್ದೆ ಹೋಗಿದ್ದ, ಗಣಪ ಬಟ್ಟೆಗಂಟಿಗೆ ಒರಗಿದ್ದ, ಬಸವ ಹುಲ್ಲು ಮೇಯುತ್ತಿದ್ದ.

ಸೋಮವಾರ ಸ್ವಾಮಿಗಳ ಮುಂದೆ ಸೇರುವ ಭಕ್ತರಿಗೆ ಅದರ ಅರ್ಥ ಹೇಳುವ ಹೊಣೆ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರದು. ಅರ್ಥವಿಲ್ಲದ್ದಕ್ಕೂ ಅರ್ಥ ಹೇಳಬಲ್ಲವರು ಅವರು. ಆದರೆ ಆ ಸೋಮವಾರ ಅವರ ಮನಸ್ಸಿನಲ್ಲಿ ಬೇರೊಂದು ಹಂಚಿಕೆಯೂ ಇತ್ತು. ಗೌರಿಹಬ್ಬಕ್ಕೆ ಬುಕ್ಕಾಂಬುಧಿಯ ತವರಿಗೆ ಹೋಗಬೇಕೆಂದು ಹೆಂಡತಿ ತೀರ್ಥಮ್ಮ ಹಟ ಹಿಡಿದಿದ್ದರು. ಮೂರು ವರ್ಷದ ಹಿಂದೆ ಅಲ್ಲಿನ ಗೃಹಪ್ರವೇಶದಲ್ಲಿ ಭಾವಮೈದ ರುದ್ರಮೂರ್ತಿ ತಮ್ಮನ್ನು ಎರಡನೇ ಪಂಕ್ತಿಗೆ ಕೂರಿಸಿದನೆಂದು ಮೇಷ್ಟ್ರು ಅಂದಿನಿಂದ ಆ ಹೊಸಿಲು ತುಳಿದಿರಲಿಲ್ಲ, ಹೆಂಡತಿಯನ್ನೂ ಕಳಿಸಿರಲಿಲ್ಲ. ಪಂಕ್ತಿ ಎರಡನೆಯದಾದರೂ ಹೋಳಿಗೆ ಆರು ಇಳಿದಿದ್ದವು, ಆ ಮಾತು ಬೇರೆ.

ಮೇಷ್ಟ್ರು ಕೋಲನ್ನು ಪಟದತ್ತ ಚಾಚಿದರು. "ನೋಡಿ, ಗೌರಮ್ಮ ತವರಿಂದ ಕೈಲಾಸಕ್ಕೆ ವಾಪಸ್ ಹೊರಟಿದಾಳೆ. ಮುಖದ ಕಳೆ ನೋಡಿ! ಗಂಡನ ಮನೆ ಮುಂದೆ ತವರು ಯಾವ ಲೆಕ್ಕ?"

ಹೆಂಗಸರ ಸಾಲಿನಿಂದ ತೀರ್ಥಮ್ಮ ಎದ್ದರು. "ಮಡಿಲಕ್ಕಿ ಎಲ್ರೀ?"

ಮೇಷ್ಟ್ರು ಪಟ ನೋಡಿದರು. ಗೌರಮ್ಮನ ಮಡಿಲು ಬರಿದಾಗಿತ್ತು. ಮಡಿಲಿಗೆ ಅಕ್ಕಿ ತುಂಬದೆ ಮಗಳನ್ನು ಯಾವ ತವರೂ ಕಳಿಸುವುದಿಲ್ಲ. ಪರ್ವತರಾಜನ ಮನೆಯಲ್ಲೇನು ಅಕ್ಕಿಗೆ ಬರವೇ?

"ಆ ಗಂಟಿನೊಳಗೆ ಇರ್ಬಹುದು," ಎಂದರು.

"ಗಂಟಿಗೆ ಕಟ್ಟಿದ್ರೆ ಅದು ರೇಷನ್ ಅಕ್ಕಿ ಕಣ್ರೀ! ಅವ್ಳು ಈಗಿನ್ನೂ ತವರಿಗೆ ಹೋಗ್ತಾವ್ಳೆ. ಬಿಟ್ಟುಬರೋಕೆ ಶಿವನೇ ಜೊತೇಲಿ ಬಂದವ್ನೆ, ಪುಣ್ಯಾತ್ಮ!"

ಹೆಂಗಸರು ಗೊಳ್ಳೆಂದರು. ಸ್ವಾಮಿಗಳೂ ನಕ್ಕರು. "ಮೇಷ್ಟ್ರೇ, ಶಿವ ಮಾವನ ಮನೆ ಒಳಕ್ಕೆ ಹೋದ್ನೋ, ಬಾಗಿಲಿಂದ್ಲೇ ತಿರುಗಿದ್ನೋ? ಅದನ್ನೂ ಹೇಳ್ಬಿಡಿ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಈವರೆಗೆ ಗೆದ್ದ ಮುಖ ಮಾಡಿದ್ದ ತೀರ್ಥಮ್ಮ ಈಗ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಮೂರು ಹಬ್ಬ ಈಕೆ ಹೀಗೇ ತನ್ನ ಬಾಯಿ ನೋಡುತ್ತ ಕಾದಿದ್ದಳಲ್ಲ ಎನಿಸಿ ಮೇಷ್ಟ್ರಿಗೆ ನಾಚಿಕೆಯಾಯಿತು.

"ಒಳಕ್ಕೇ ಹೋದ, ಬುದ್ದಿ. ಭಾವಮೈದ ಓಡಿಬಂದು ಕಾಲಿಗೆ ನೀರು ಕೊಟ್ಟ."

"ಅವ್ನು ಕೊಡೋದು ಮರೆತ್ರೆ?" ತೀರ್ಥಮ್ಮ ಬಿಡಲಿಲ್ಲ.

"ಶಿವ ತಾನೇ ಮೊಗೆದು ತೊಳ್ಕೊಂಡ ಕಣೇ! ಕೂತ್ಕೋ ಇನ್ನ."

ತೀರ್ಥಮ್ಮ ಕೂರಲಿಲ್ಲ. ಹಬ್ಬಕ್ಕೆ ನಾಲ್ಕೇ ದಿನವಿತ್ತು, ಮನೆಗೆ ಹೋಗಿ ಇಬ್ಬರ ಬಟ್ಟೆಯನ್ನೂ ಬ್ಯಾಗಿಗೆ ತುಂಬಬೇಕಿತ್ತು.