ಯಾಕೆ ನಕ್ಕರು?

ಬೆಡ್‌ಶೀಟ್ ಮಡಚುವುದು ಇಬ್ಬರ ಕೆಲಸ. ಒಬ್ಬಳು ಎರಡು ಮೂಲೆ ಹಿಡಿಯಬೇಕು, ಇನ್ನೊಬ್ಬಳು ಉಳಿದೆರಡು. ಜಗ್ಗಿ, ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿ ಮತ್ತೆ ಹಿಂದೆ ಸರಿಯಬೇಕು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನೂ ನನ್ನ ತಂಗಿಯೂ ಎರಡು ವರ್ಷ ಹೀಗೆ ದಿನಕ್ಕೆ ನಾಲ್ಕು ನೂರು ಸಲ ಹತ್ತಿರ ಬಂದಿದ್ದೇವೆ. ಒಂದು ಸಲವೂ ನಾನು ಅವಳಿಗೆ ನಿಜ ಹೇಳಲಿಲ್ಲ.

ಈ ಊರಿಗೆ ನಾನು ಅವಳಿಗಿಂತ ಏಳು ವರ್ಷ ಮೊದಲು ಬಂದವಳು. ಇಲ್ಲಿನ ಭಾಷೆಯನ್ನು ಸಂಜೆ ತರಗತಿಗೆ ಹೋಗಿ, ಬಸ್ಸಿನಲ್ಲಿ ಕೂತು ಅಂಗಡಿ ಬೋರ್ಡು ಓದಿ, ಹಲ್ಲು ಕಚ್ಚಿ ಕಲಿತೆ. ತಪ್ಪಿಲ್ಲದೆ ಮಾತಾಡುತ್ತೇನೆ. ಆದರೆ ಮೇಜಿನ ಸುತ್ತ ನಿಲ್ಲುವ ಹೆಂಗಸರು ನನ್ನ ಮಾತಿಗೆ ತಲೆಯಾಡಿಸಿದ್ದುಂಟೇ ಹೊರತು ನಕ್ಕಿದ್ದಿಲ್ಲ. ನಾನು ಜೋಕು ಹೇಳಿದರೆ ಅವರು ಮುಂದೇನಾಯಿತು ಎಂದು ಕೇಳುತ್ತಿದ್ದರು.

ತಂಗಿ ಹಾಗಲ್ಲ. ಮನೆಯಲ್ಲಿ ಅವಳಿಗೆ ಬಾಯಿಬಡುಕಿ ಎಂದೇ ಹೆಸರು. ‘ಬಾಯಿ ಇದ್ದವಳು ಬರಗಾಲದಲ್ಲೂ ಬದುಕ್ತಾಳೆ, ಇವಳ ಚಿಂತೆ ನನಗಿಲ್ಲ’ ಎನ್ನುತ್ತಿದ್ದಳು ಅಮ್ಮ. ಅಮ್ಮನ ಚಿಂತೆಯೆಲ್ಲ ನನ್ನ ಬಗ್ಗೆಯೇ ಇತ್ತು.

ಅವಳು ಕೆಲಸಕ್ಕೆ ಸೇರಿ ಮೂರನೇ ವಾರ. ಇಲ್ಲಿನ ಭಾಷೆಯ ಇಪ್ಪತ್ತು ಪದ ಬರುತ್ತಿತ್ತೋ ಇಲ್ಲವೋ. ಬೆಳಗ್ಗೆ ಆರರ ಪಾಳಿ, ಎಲ್ಲರ ಕಣ್ಣೂ ಕೆಂಪಗೆ. ಇಸ್ತ್ರಿ ಯಂತ್ರದಿಂದ ಬೆಚ್ಚಗೆ ಹೊರಬಂದ ಶೀಟನ್ನು ತಂಗಿ ಎರಡೂ ಕೈಯಲ್ಲಿ ಎತ್ತಿ ತೋರಿಸಿ, ಅವರದೇ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದಳು: “ಶೀಟು ಮಲಗಿತು. ನಾನು ಮಲಗಲಿಲ್ಲ.”

ಮೇಜೆಲ್ಲ ಘೊಳ್ಳೆಂದಿತು. ಯಂತ್ರದ ಬಳಿ ನಿಲ್ಲುವ, ಎಲ್ಲರೂ ಅಜ್ಜಿ ಎಂದು ಕರೆಯುವ ಮುದುಕಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಗಾಜಿನ ಕೋಣೆಯಿಂದ ಮೇಲ್ವಿಚಾರಕಿ ಕೂಡ ಎದ್ದು ಬಂದು ನಕ್ಕಳು. ಅಂಥ ನಗುವಿಗಾಗಿ ನಾನು ಏಳು ವರ್ಷ ಕಾದಿದ್ದೆ.

ತಂಗಿ ನನ್ನತ್ತ ತಿರುಗಿದಳು. ಮುಖದಲ್ಲಿ ಅರ್ಧ ನಗು, ಅರ್ಧ ಅನುಮಾನ.

“ಯಾಕೆ ನಕ್ಕರಕ್ಕಾ?”

“ನೀನು ಮಾತಾಡೋ ರೀತಿಗೆ,” ಎಂದೆ.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. “ಬೇಜಾರು ಮಾಡ್ಕೋಬೇಡ. ಏನಾದ್ರೂ ಹೇಳೋದಿದ್ರೆ ನನಗೆ ಹೇಳು, ನಾನು ಹೇಳ್ತೀನಿ,” ಎಂದೂ ಸೇರಿಸಿದೆ. ಎಷ್ಟು ಒಳ್ಳೆಯ ಅಕ್ಕ!

ಅವಳ ಬಾಯಿಗೆ ಬೀಗ ಬಿತ್ತು. ಬೀಗದ ಕೈ ನನ್ನ ಬಳಿ. ಔಷಧಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆ ಮಾಲೀಕನ ಮುಂದೆ ಎಲ್ಲ ಕಡೆ ಅವಳು ನನ್ನ ತೋಳು ಮುಟ್ಟುತ್ತಿದ್ದಳು, ನಾನು ಮಾತಾಡುತ್ತಿದ್ದೆ. ಅದು ನನಗೆ ಹಿತವಾಗಿತ್ತು ಎಂದು ಬರೆಯಲು ಕೈ ತಡೆಯುತ್ತದೆ, ಆದರೂ ಹಿತವಾಗಿತ್ತು.

ಅವಳ ಆ ಮಾತು ಮಾತ್ರ ಲಾಂಡ್ರಿಯಲ್ಲಿ ಉಳಿಯಿತು. ಯಾರಾದರೂ ಆಕಳಿಸಿದರೆ ಇನ್ನೊಬ್ಬಳು “ಶೀಟು ಮಲಗಿತು” ಎನ್ನುವಳು, ಎಲ್ಲರೂ ನಗುವರು. ಅಜ್ಜಿ ಅದನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಯಂತ್ರದ ಮೇಲೆ ತೂಗುಹಾಕಿ, ತಂಗಿಯ ಬೆನ್ನು ತಟ್ಟಿದಳು. ತಂಗಿ ಅಕ್ಷರ ಕೂಡಿಸಿಕೊಂಡು ಓದಿದಳು. ಮರುದಿನ ನನ್ನನ್ನು ಕೇಳಿದಳು: “ಅಕ್ಕಾ, ನಾನು ನಿನ್ನ ಜಾಗದಲ್ಲಿ ನಿಲ್ಲಲಾ? ಬೋರ್ಡಿಗೆ ಬೆನ್ನು ಹಾಕಿ.” ನಾನು ಜಾಗ ಬಿಟ್ಟುಕೊಟ್ಟೆ. ಎರಡು ವರ್ಷ ಆ ರಟ್ಟನ್ನು ನಾನೇ ನೋಡುತ್ತ ನಿಂತೆ.

ಬ್ಲೀಚಿನ ಘಾಟಿಗೆ ತಂಗಿಗೆ ಕೆಮ್ಮು ಹತ್ತಿತು. ಜಾಗ ಬದಲಿಸದಿದ್ದರೆ ಕೆಮ್ಮು ಹೋಗುವುದಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ವಾರ್ಡುಗಳಿಗೆ ತಳ್ಳುಗಾಡಿಯಲ್ಲಿ ಬಟ್ಟೆ ಒಯ್ಯುವ ಕೆಲಸವೊಂದು ಖಾಲಿಯಾಯಿತು. ವಾರ್ಡುಗಳಿರುವ ಮೇಲಿನ ಮಹಡಿಗಳಲ್ಲಿ ಕಿಟಕಿಗಳಿವೆ, ಗಾಳಿಯಿದೆ. ಆದರೆ ನರ್ಸ್‌ಗಳ ಜೊತೆ ಮಾತಾಡಬೇಕು. ಅದಕ್ಕೆ ಮೊದಲು ಮೇಲ್ವಿಚಾರಕಿಯ ಜೊತೆ ಹತ್ತು ನಿಮಿಷ ಮಾತಾಡಿ ತೋರಿಸಬೇಕು.

ಆರು ನಿಮಿಷಕ್ಕೇ ಗಾಜಿನ ಬಾಗಿಲು ತೆರೆದು ಮೇಲ್ವಿಚಾರಕಿ ನನ್ನನ್ನು ಒಳಕ್ಕೆ ಕರೆದಳು. ತಂಗಿ ಕುರ್ಚಿಯ ತುದಿಯಲ್ಲಿ ಕೂತು ಉಗುರು ನೋಡುತ್ತಿದ್ದಳು.

“ಒಂದು ಮಾತೂ ಆಡ್ತಿಲ್ಲ,” ಎಂದಳು ಮೇಲ್ವಿಚಾರಕಿ. ಅವಳ ಮುಂದೆ ಒಂದು ಫಾರಂ. “ಭಾಷೆ ಯಾಕೆ ಬಂದಿಲ್ಲ ಅಂತ ಇದರಲ್ಲಿ ಗುರುತು ಹಾಕಬೇಕು. ನೀನೇ ಹೇಳು. ವಯಸ್ಸು? ಇಪ್ಪತ್ತಾರು, ಅದಲ್ಲ. ಓದು? ಶಾಲೆಗೆ ಹೋಗಿದ್ದಾಳೆ. ಸಮಯ ಇಲ್ಲ? ಆಸಕ್ತಿ ಇಲ್ಲ?” ಪೆನ್ನು ಕೊನೆಯದರ ಮೇಲೆ ನಿಂತಿತು. “ನನಗಂತೂ ಅರ್ಥ ಆಗಲ್ಲ. ಮೂರೇ ವಾರದಲ್ಲಿ ನಮ್ಮನ್ನೆಲ್ಲ ಅಷ್ಟು ನಗಿಸಿದವಳು. ಅವತ್ತೇ ಅಂದ್ಕೊಂಡೆ, ಇವಳು ಎಲ್ಲರಿಗಿಂತ ಬೇಗ ಕಲೀತಾಳೆ ಅಂತ. ನನ್ನ ಗಂಡನಿಗೂ ಹೇಳಿದ್ದೆ ಆ ಶೀಟಿನ ಮಾತು.”

ತಂಗಿ ತಲೆಯೆತ್ತಿದಳು. ‘ಶೀಟು’ ಎಂಬ ಪದ ಅವಳಿಗೆ ಗೊತ್ತು. “ಏನಂತಾರೆ ಅಕ್ಕಾ? ಮತ್ತೆ ಅದೇ ತಮಾಷೆನಾ?”

ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ಅಷ್ಟು ದಿನದ ಅಭ್ಯಾಸ. ಆದರೆ ಆ ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು.

“ತಡೀರಿ,” ಎಂದು ಮೇಲ್ವಿಚಾರಕಿಗೆ ಹೇಳಿ, ನಮ್ಮ ಭಾಷೆಯಲ್ಲಿ ತಂಗಿಗೆ ಹೇಳಿದೆ: “ಅವತ್ತು ಅವರು ನಿನ್ನ ನೋಡಿ ನಕ್ಕಿದ್ದಲ್ಲ ಕಣೇ. ನೀನು ಹೇಳಿದ್ದು ಚೆನ್ನಾಗಿತ್ತು, ಅದಕ್ಕೆ ನಕ್ಕರು. ನನಗೆ ಹೊಟ್ಟೆಕಿಚ್ಚಾಯ್ತು.”

ಅವಳಿಗೆ ತಕ್ಷಣ ಹೊಳೆಯಲಿಲ್ಲ. “ಮತ್ತೆ ಆ ಬೋರ್ಡು?”

“ಪ್ರೀತಿಗೆ ಹಾಕಿದ್ದು.”

“ಅಜ್ಜಿ ಬೆನ್ನು ತಟ್ಟಿದ್ದು?”

“ಅದೂ.”

“ಎರಡು ವರ್ಷ, ಅಕ್ಕಾ.”



ತಂಗಿ ಮೇಲ್ವಿಚಾರಕಿಯತ್ತ ತಿರುಗಿ ಬಾಯಿ ತೆರೆದಳು. ಎರಡು ಪದ ಬಂದವು, ಮೂರನೆಯದು ಕೆಮ್ಮಾಯಿತು. ನಾನು ಮಾತು ಪೂರ್ತಿಮಾಡಲು ಹೊರಟಾಗ ಅವಳು ನನ್ನ ಕಡೆ ನೋಡದೆ ಅಂಗೈ ಎತ್ತಿ ತಡೆದಳು. ಮೇಲ್ವಿಚಾರಕಿ ಕಾದಳು. ಹತ್ತು ನಿಮಿಷ ಮುಗಿಯಿತು. ಫಾರಂನಲ್ಲಿ ಅವಳು ಏನು ಗುರುತು ಹಾಕಿದಳೋ ನೋಡುವ ಧೈರ್ಯ ನನಗಾಗಲಿಲ್ಲ.

ಕೆಲಸ ಬೇರೊಬ್ಬಳಿಗೆ ಹೋಯಿತು. ಅವಳು ಈ ಊರಿಗೆ ಬಂದು ಎಂಟು ತಿಂಗಳು. ಅವಳ ಒಂದೊಂದು ವಾಕ್ಯವೂ ಕುಂಟುತ್ತದೆ, ಆದರೆ ನಡೆಯುತ್ತದೆ.

ಮರುದಿನ ತಂಗಿ ಶೀಟಿನ ಎರಡು ಮೂಲೆ ಹಿಡಿದು ಅಜ್ಜಿಯ ಎದುರು ನಿಂತಳು, ಬೋರ್ಡಿಗೆ ಮುಖ ಮಾಡಿ. ನನ್ನ ಜೋಡಿಯಾಗಿ ದಪ್ಪ ಕನ್ನಡಕದ ಇನ್ನೊಬ್ಬಳು ಬಂದಳು. ಮನೆಯಲ್ಲಿ ಈಗ ತಂಗಿ ನನ್ನೊಡನೆ ಉಪ್ಪು, ಬೀಗದ ಕೈ, ನೀರು ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಾಳೆ. ಕೆಮ್ಮು ರಾತ್ರಿಯಿಡೀ ಗೋಡೆಯಾಚೆಯಿಂದ ಕೇಳುತ್ತದೆ.

ಹನ್ನೊಂದನೇ ದಿನ, ಯಂತ್ರದ ಸದ್ದಿನ ನಡುವೆ, ಆಚೆ ಮೇಜಿನಲ್ಲಿ ಅವಳು ಏನೋ ಅಂದಳು. ಅಜ್ಜಿ ಮೇಜು ಬಡಿದು ನಕ್ಕಳು, ಅವಳ ಹಿಂದೆ ಎಲ್ಲರೂ. ನಾನು ತಲೆಯೆತ್ತಿ ಕಾದೆ. ಈಗ ತಿರುಗುತ್ತಾಳೆ, ಈಗ ಕೇಳುತ್ತಾಳೆ. ಈ ಸಲ ನಿಜವನ್ನೇ ಹೇಳಬೇಕು. ಅವಳು ತಿರುಗಲಿಲ್ಲ. ಅವಳೂ ನಗುತ್ತಿದ್ದಳು.

“ಏನಂದ್ಲು?” ಎಂದು ಕನ್ನಡಕದವಳನ್ನು ಕೇಳಿದೆ. “ಯಾಕೆ ನಕ್ಕರು?”

“ನಿನ್ನ ತಂಗಿ ತಾನೆ,” ಎಂದಳು ಅವಳು, ಶೀಟು ಜಗ್ಗುತ್ತಾ. “ಅವಳನ್ನೇ ಕೇಳು.”