ಅತ್ತೆ-ಸೊಸೆಯ ನಡುವೆ ಬಂದ ಗ್ಲೋಬು

ನಾನು ಒಂದು ಗ್ಲೋಬು. ಕಾರ್ಖಾನೆಯಲ್ಲಿ ನನ್ನ ಮೈಗೆ ದೇಶ, ಸಮುದ್ರಗಳ ಕಾಗದ ಅಂಟಿಸಿ, ಬೇಕೆಂದೇ ಓರೆಯಾಗಿ ಕಂಬಿಗೆ ಸಿಕ್ಕಿಸಿದರು. ಭೂಮಿಯೇ ಓರೆ, ನಾನೇನು ಮಾಡಲಿ? ಚಿಕ್ಕೋಡಿಯ ಅಂಗಡಿಯವನು ನನ್ನನ್ನು ನೆಟ್ಟಗೆ ಮಾಡಲು ಹೋಗಿ ಕಂಬಿಯನ್ನೇ ಕೀಳುವುದರಲ್ಲಿದ್ದ. ಅಷ್ಟರಲ್ಲಿ ಒಂದು ಹಳ್ಳಿಯ ಶಾಲೆ ನನ್ನನ್ನು ಕೊಂಡಿತು, ಬದುಕಿಕೊಂಡೆ.

ಅಲ್ಲಿ ನನ್ನನ್ನು ನೋಡಿಕೊಂಡವಳು ಅನಂತಮತಿ ಟೀಚರ್. ಗಂಡ ಸೈನ್ಯದಲ್ಲಿದ್ದ. ಮನೆಯಲ್ಲಿ ಅವಳು, ಅತ್ತೆ ಬ್ರಾಹ್ಮಿಲಾಬಾಯಿ ಇಬ್ಬರೇ. ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಅತ್ತೆ ಒಂದು ತುತ್ತೂ ಮುಟ್ಟುವವಳಲ್ಲ. ಒಬ್ಬಳೇ ಉಣ್ಣುವುದೂ ಆಕೆಗೆ ಸೇರದು. ಮಳೆಗಾಲದಲ್ಲಿ ಸೊಸೆ ಬಸ್ಸಿಳಿದು ಬಂದಾಗ ಇನ್ನೂ ಬೆಳಕಿರುತ್ತಿತ್ತು, ಇಬ್ಬರೂ ಕೂಡಿಯೇ ಉಣ್ಣುತ್ತಿದ್ದರು. ಚಳಿಗಾಲ ಬಂದದ್ದೇ ತಡ, ಅತ್ತೆ ಕಾದು ಕಾದು ಹಸಿದೇ ಮಲಗತೊಡಗಿದಳು. ಅನಂತಮತಿ ಇದನ್ನು ಜೊತೆಯ ಟೀಚರಿಗೆ ಹೇಳಿ ಕಣ್ಣೊರೆಸಿಕೊಂಡದ್ದನ್ನು ನಾನು ಕೇಳಿದ್ದೆ.

ಒಂದು ಸಂಜೆ ಅವಳು ನನ್ನನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದಳು. ಹೊಸ್ತಿಲಲ್ಲೇ ಅತ್ತೆ ಅವಳನ್ನು ತಡೆದಳು.

"ಮೊದಲ ಬೆಳಕಿದ್ದಾಗ ಬರ್ತಿದ್ದಿ. ಈಗ ಕತ್ತಲಾದ ಮ್ಯಾಲ ಬರ್ತಿ. ಎಲ್ಲಿ ಕುಂತಿರ್ತಿ ಇಷ್ಟೊತ್ತನಕ?"

"ಅದೇ ಬಸ್ಸಿಗೇ ಬಂದೀನಿ ಅತ್ತಿ."

"ಹಂಗಾದ್ರ ಸೂರ್ಯ ಸುಳ್ಳು ಹೇಳ್ತಾನೇನು?"

ಆಕೆ ಗಡಿಯಾರ ನೋಡಿದವಳಲ್ಲ. ಅಂಗಳದ ಬಿಸಿಲೇ ಆಕೆಯ ಲೆಕ್ಕ. ಸೊಸೆ ನನ್ನನ್ನು ಚೀಲದಿಂದ ಹೊರಗಿಟ್ಟಳು. ತೂಗುಬಿದ್ದ ಬಲ್ಬನ್ನು ಹೊತ್ತಿಸಿ, ಹಣೆಯ ಟಿಕಳಿ ತೆಗೆದು ನನ್ನ ಮೇಲೆ ನಮ್ಮೂರಿನ ಜಾಗಕ್ಕೆ ಅಂಟಿಸಿದಳು.

"ಬಲ್ಬು ಸೂರ್ಯ, ಇದು ನಮ್ಮೂರು. ನೋಡ್ರಿ."

ಮೊದಲು, ಮಳೆಗಾಲದಲ್ಲಿದ್ದಂತೆ, ನನ್ನ ತಲೆ ಬಲ್ಬಿನ ಕಡೆ ಬಾಗಿತ್ತು. ತಿರುಗಿಸಿದಾಗ ಟಿಕಳಿ ಬಹಳ ಹೊತ್ತು ಬೆಳಕಿನಲ್ಲೇ ಇತ್ತು. ಆಮೇಲೆ ನನ್ನ ಓರೆ ಬದಲಿಸದೆ ಬಲ್ಬಿನ ಆಚೆ ಬದಿಗೆ ಒಯ್ದಳು. ಈಗ, ಚಳಿಗಾಲದಲ್ಲಿದ್ದಂತೆ, ನನ್ನ ತಲೆ ಬಲ್ಬಿನಿಂದ ದೂರ ವಾಲಿತ್ತು. ತಿರುಗಿಸಿದರೆ ಟಿಕಳಿ ಬೇಗನೆ ಕತ್ತಲಿಗೆ ಸರಿಯಿತು. ಅತ್ತೆ ತಾನೇ ನನ್ನನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು.

"ನೀ ತಡಾ ಮಾಡಿಲ್ಲ ಬಿಡವ್ವಾ," ಎಂದಳು ಕೊನೆಗೆ. "ಸುಮ್ಮನ ಬೈದ್ನಿ ನಿನಗ."

ಮರುದಿನ ನಾನು ಮತ್ತೆ ಶಾಲೆಯಲ್ಲಿದ್ದೆ. ಶಾಲೆ ಬಿಡುವ ಹೊತ್ತಿಗೆ ಆಕೆ ಬಸ್ಸು ಹತ್ತಿ ಬಂದು, ಊಟದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಹೆಡ್‌ಮಾಸ್ಟರು ಬೆರಗಾಗಿ ಯಾಕೆ ಬಂದಿರಿ ಎಂದು ಕೇಳಿದರು.

"ಹಗಲು ಸಣ್ಣದಾಗೇತ್ರಿ ಸರ. ಸೂರ್ಯಗ ನಿಂದರು ಅನ್ನಾಕ ಬರೂದಿಲ್ಲ, ಬಸ್ಸಿಗೆ ಲಗೂನ ಬಾ ಅನ್ನಾಕೂ ಬರೂದಿಲ್ಲ. ಅದಕ್ಕ ನಾನಽ ಬಂದೆ."

ಪ್ರತಿ ಚಳಿಗಾಲವೂ ಆಕೆ ಬಂದಳು. ಇಬ್ಬರೂ ವರಾಂಡದ ಇಳಿಬಿಸಿಲಿನಲ್ಲಿ ಉಣ್ಣುವುದನ್ನು ನೋಡಿದರೆ ನನಗೇ ಹೊಟ್ಟೆ ತುಂಬುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ಸಮುದ್ರಗಳು ಮಾಸಿ, ಒಂದೆರಡು ದೇಶಗಳು ಹರಿದುಹೋಗಿ ಬೀರುವಿನ ಮೇಲೆ ಕುಳಿತಿದ್ದೇನೆ. ಅತ್ತೆಗೆ ಮಂಡಿನೋವು. ಈ ವರ್ಷ ಬಸ್ಸು ಹತ್ತಲಾಗಲಿಲ್ಲ. ಇಂದು ಅನಂತಮತಿಯ ಕೊನೆಯ ಪಿರಿಯಡ್ ಇನ್ನೂ ಬಾಕಿ ಇತ್ತು. ಹೆಡ್‌ಮಾಸ್ಟರು ಕಿಟಕಿಯ ಬಿಸಿಲು ನೋಡಿ ತಾವೇ ಚಾಕ್‌ಪೀಸ್ ಕೈಗೆತ್ತಿಕೊಂಡರು.

"ಟೀಚರ್, ನನ್ನ ಕ್ಲಾಸು ಇದು. ನೀವು ಈಗಿನ ಬಸ್ಸಿಗೇ ನಡೀರಿ, ಅತ್ತಿ ಉಂಡಿರೂದಿಲ್ಲ."